ದರ ಏರಿದ್ದು ಕಾಣುತ್ತೆ, ಟ್ರಿಪ್ ಕಟ್ ಆದದ್ದು ಕಾಣಲ್ಲ: ಲೆಕ್ಕ ಹಿಡಿಯೋದು ಹೇಗೆ?

ಹೊರವರ್ತುಲ
ಬೆಂಗಳೂರಲ್ಲಿ 2025ರ ಜನವರಿ 5ರಿಂದ ಬಿಎಂಟಿಸಿ ಬಸ್ ದರ ಶೇ 15 ಏರಿತು. ಫೆಬ್ರವರಿ 9ರಿಂದ ಮೆಟ್ರೊ ದರ ಏರಿತು. ಎರಡಕ್ಕೂ ಪತ್ರಿಕೆಯಲ್ಲಿ ಮುಖಪುಟ ಸಿಕ್ಕಿತು, ಜನ ಬೈದರು, ಚರ್ಚೆ ಆಯ್ತು. ಆದ್ರೆ ಟ್ರಿಪ್ ಕಟ್ ಆದಾಗ, ಅಂದ್ರೆ ಬಸ್ಸಿನ ಒಂದು ಓಟ ನಿಲ್ಲಿಸಿದಾಗ, ಒಂದು ಸಾಲಿನ ಪ್ರಕಟಣೆಯೂ ಬರಲ್ಲ. ತಂಗುದಾಣದ ಬೋರ್ಡಲ್ಲಿ ಮಾರ್ಗ ಸಂಖ್ಯೆ ಹಾಗೇ ಇರುತ್ತೆ, ಆ್ಯಪಲ್ಲೂ ಹಾಗೇ ಇರುತ್ತೆ, ಬೆಳಿಗ್ಗೆ 8ರಿಂದ 9ರೊಳಗೆ ಬರ್ತಿದ್ದ ನಾಲ್ಕು ಬಸ್ಸು ಮಾತ್ರ ಮೂರಾಗಿರುತ್ತೆ. ಕೇಳಿದ್ರೆ "ಮಾರ್ಗ ರದ್ದಾಗಿಲ್ಲ" ಅನ್ನೋ ಉತ್ತರ ಬರುತ್ತೆ. ಮಾರ್ಗ ರದ್ದಾಗಿಲ್ಲ ಅನ್ನೋದು ನಿಜವೇ.

ನನ್ನ ವಾದ ಇಷ್ಟೆ: ಟ್ರಿಪ್ ಕಟ್ ಕೂಡ ಒಂದು ದರ ಏರಿಕೆ, ಅದೂ ಶೇ 15ಕ್ಕಿಂತ ದೊಡ್ಡದು. ಇದನ್ನ ಬಾಯಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ, ಅಂಕಿ ಇಟ್ಟು ತೋರಿಸ್ಬೇಕು. ಹಾಗಾಗಿ ಈ ಫೋರಂನಲ್ಲಿ ಗೊತ್ತಿರೋರು ಮೂರು ವಿಷಯಕ್ಕೆ ವಿವರ ಕೊಡಿ. ಜೇಬಿಗೆ ನಿಜವಾಗಿ ಎಷ್ಟು ಹೊರೆ ಬೀಳ್ತಿದೆ? ಟ್ರಿಪ್ ಯಾಕೆ ಬೀಳುತ್ತೆ? ಕಾಗದದ ಮೇಲೆ ಸಾಬೀತು ಮಾಡೋದು ಹೇಗೆ? "ನಿನ್ನೆ ನಾನು ಒಂದು ಗಂಟೆ ಕಾದೆ" ಅನ್ನೋದು ಬೇಡ, ಅದು ಎಲ್ಲರಿಗೂ ಗೊತ್ತಿರೋದೇ.

ಮೂರನೇ ಸ್ಟೇಜ್
ಮೊದಲು ಬಸ್ಸಿನ ಪಾಸ್ ಲೆಕ್ಕ, ಯಾಕಂದ್ರೆ ಇಲ್ಲಿ ತುಂಬ ಜನ ತಿಳೀದೆ ಹೆಚ್ಚು ಕಟ್ತಿದ್ದಾರೆ. 2025ರ ಜನವರಿಯ ಪರಿಷ್ಕರಣೆ ನಂತರ ಸಾಮಾನ್ಯ ಬಸ್ಸಿನ ದಿನದ ಪಾಸ್ 70ರಿಂದ 80 ರೂಪಾಯಿಗೆ ಏರಿದೆ, ವಾರದ್ದು 300ರಿಂದ 350, ತಿಂಗಳದ್ದು 1,050ರಿಂದ 1,200. ಹಿರಿಯ ನಾಗರಿಕರ ತಿಂಗಳ ಪಾಸ್ 945ರಿಂದ 1,080. ವಜ್ರ (ಎಸಿ ಬಸ್) ದಿನದ ಪಾಸ್ 140, ತಿಂಗಳಿಗೆ 2,000. ವಾಯುವಜ್ರ (ವಿಮಾನ ನಿಲ್ದಾಣದ ಬಸ್) ತಿಂಗಳಿಗೆ 4,000.

1,200ನ್ನ 80ರಿಂದ ಭಾಗಿಸಿ: 15. ತಿಂಗಳಲ್ಲಿ 15 ದಿನಕ್ಕಿಂತ ಕಡಿಮೆ ಓಡಾಡೋರಿಗೆ ತಿಂಗಳ ಪಾಸ್ ನಷ್ಟ. ವಾರಕ್ಕೆ ಮೂರೇ ದಿನ ಆಫೀಸು ಇರೋರಿಗೆ ತಿಂಗಳಿಗೆ 13 ದಿನ ಅಂದ್ಕೊಂಡ್ರೂ ದಿನದ ಪಾಸ್ 1,040ಕ್ಕೆ ಮುಗಿಯುತ್ತೆ. ವಾರದ ಪಾಸಿನ ಲೆಕ್ಕವೂ ಹೀಗೇ: ನಾಲ್ಕು ದಿನಕ್ಕೆ ದಿನದ ಪಾಸ್ 320, ವಾರದ್ದು 350, ಐದನೇ ದಿನ ಸೇರಿದ್ರೆ 400, ಆಗ ವಾರದ್ದೇ ಲಾಭ. ಇನ್ನು ಬಿಡಿ ಟಿಕೆಟ್ ತಗೊಳ್ಳೋರು ನೋಡಬೇಕಾದ ಅಂಕಿ ದಿನದ ಖರ್ಚು. ತಿಂಗಳಿಗೆ 22 ದಿನ ಓಡಾಡೋರಿಗೆ ದಿನಕ್ಕೆ 55 ರೂಪಾಯಿ ದಾಟಿದ್ರೆ ತಿಂಗಳ ಪಾಸ್ ಸರಿ, 26 ದಿನ ಓಡಾಡೋರಿಗೆ 46 ದಾಟಿದ್ರೇ ಸಾಕು.

ಇನ್ನೊಂದು ವಿಷಯ ಸ್ಟೇಜ್‌ದು. ಕನಿಷ್ಠ ದರ 5 ಇದ್ದದ್ದು 6 ಆಗಿದೆ, ಅದು ಒಂದು ಸ್ಟೇಜಿಗೆ, ಅಂದ್ರೆ ದರ ಲೆಕ್ಕದ ಒಂದು ಹಂತಕ್ಕೆ. ಎಲ್ಲ ನಿಲ್ದಾಣವೂ ಸ್ಟೇಜ್ ಅಲ್ಲ. ಎರಡು ಸ್ಟೇಜ್ ನಡುವಿನ ನಿಲ್ದಾಣದಲ್ಲಿ ಹತ್ತಿದ್ರೆ ಹಿಂದಿನ ಸ್ಟೇಜಿನಿಂದ ಲೆಕ್ಕ ಹಿಡೀತಾರೆ, ನಡುವೆ ಇಳಿದ್ರೆ ಮುಂದಿನ ಸ್ಟೇಜಿನವರೆಗೆ. ಟಿಕೆಟ್ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಸ್ಟೇಜ್ ಹೆಸರು ಅಚ್ಚಾಗಿರುತ್ತೆ, ಒಮ್ಮೆ ಓದಿ. ನಿಲ್ದಾಣ ಒಂದು ಮುಂದೆ ನಡೆದ್ರೆ ಒಂದು ಸ್ಟೇಜ್ ಉಳಿಯೋ ಜಾಗಗಳು ಊರಲ್ಲಿ ಬೇಕಾದಷ್ಟಿವೆ. ನಿರ್ವಾಹಕರು ಮಷೀನಲ್ಲಿ ಸ್ಟೇಜ್ ಮುಂದಕ್ಕೆ ಹಾಕೋದು ಮರೆತಿದ್ರೆ ಹಿಂದಿನ ಸ್ಟೇಜಿನ ಹೆಸರೇ ಬರುತ್ತೆ. ಅಲ್ಲೇ, ಹಣ ಕೊಡೋ ಮೊದಲೇ ಹೇಳಿ. ಟಿಕೆಟ್ ಹೊರಗೆ ಬಂದ ಮೇಲೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ನೇರಳೆ-ಹಸಿರು
ಮೆಟ್ರೊ ಕಡೆಯದ್ದು ನಾನು ಹೇಳ್ತೀನಿ. ಗರಿಷ್ಠ ದರ 60 ಇದ್ದದ್ದು 90 ಆಯ್ತು. ಗಲಾಟೆ ಆದ ಮೇಲೆ ಫೆಬ್ರವರಿ 14ರಂದು, ಏರಿಕೆ ಅತಿಯಾಗಿದ್ದ ಕೆಲವು ನಿಲ್ದಾಣಗಳ ನಡುವಿನ ದರ ಇಳಿಸಿದ್ರು, ಗರಿಷ್ಠ ಮಾತ್ರ 90ರಲ್ಲೇ ನಿಂತಿತು. ಹಂತಗಳು ಹೀಗಿವೆ: 2 ಕಿ.ಮೀ.ವರೆಗೆ 10, 4ರವರೆಗೆ 20, 6ರವರೆಗೆ 30, 8ರವರೆಗೆ 40, 10ರವರೆಗೆ 50. ಅಲ್ಲಿಂದ ಮುಂದೆ ಐದೈದು ಕಿಲೋಮೀಟರಿಗೆ 60, 70, 80, ಆಮೇಲೆ 90. ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು ಮೊದಲ 10 ಕಿಲೋಮೀಟರು. ಪ್ರತಿ 2 ಕಿಲೋಮೀಟರಿಗೆ 10 ರೂಪಾಯಿ ಏರುತ್ತೆ. ದೂರದವರಿಗಿಂತ 5ರಿಂದ 10 ಕಿಲೋಮೀಟರ್ ಓಡಾಡೋ ಮಧ್ಯದವರ ಮೇಲೆ ಕಿಲೋಮೀಟರ್ ಲೆಕ್ಕದಲ್ಲಿ ಹೊರೆ ಜಾಸ್ತಿ. ಇವರೇ ಮೆಟ್ರೊ ಬಿಟ್ಟು ಮತ್ತೆ ಸ್ಕೂಟರ್ ಹಿಡಿಯೋರು.

ಸ್ಮಾರ್ಟ್ ಕಾರ್ಡಿಗೆ ಯಾವಾಗಲೂ ಶೇ 5 ರಿಯಾಯಿತಿ. ವಾರದ ದಿನ ದಟ್ಟಣೆ ಇಲ್ಲದ ಹೊತ್ತಲ್ಲಿ, ಅಂದ್ರೆ ಮೊದಲ ರೈಲಿನಿಂದ ಬೆಳಿಗ್ಗೆ 8, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ, ಇನ್ನೂ ಶೇ 5. ಭಾನುವಾರ ಮತ್ತು ಮೂರು ರಾಷ್ಟ್ರೀಯ ರಜೆಗಳಂದು ಇಡೀ ದಿನ ಶೇ 10. 60 ರೂಪಾಯಿ ಪ್ರಯಾಣ ತಿಂಗಳಿಗೆ 44 ಸಲ ಅಂದ್ರೆ 2,640. ಕಾರ್ಡಲ್ಲಿ 57ರಂತೆ 2,508. ಬೆಳಗಿನದ್ದನ್ನ 8ರೊಳಗೆ ಮುಗಿಸಿಕೊಂಡ್ರೆ 54 ಮತ್ತು 57, ತಿಂಗಳಿಗೆ 2,442. ಉಳಿಯೋದು ಹೆಚ್ಚೇನಲ್ಲ, ಆದ್ರೂ 198 ರೂಪಾಯಿ.

ಕಾರ್ಡಲ್ಲಿ ಕನಿಷ್ಠ 90 ರೂಪಾಯಿ ಇರಲೇಬೇಕು, ಮೊದಲು 50 ಇತ್ತು. ಹೋಗೋದು 10 ರೂಪಾಯಿ ದೂರಕ್ಕೇ ಇರಲಿ, 85 ಇದ್ರೆ ಗೇಟ್ ತೆಗೆಯಲ್ಲ. ಸೋಮವಾರ ಬೆಳಿಗ್ಗೆ ಗೇಟ್ ಮುಂದೆ ಜನ ಸಿಕ್ಕಿಕೊಳ್ಳೋದು ಇದಕ್ಕೇ. 150ಕ್ಕಿಂತ ಕೆಳಗೆ ಬಂದ ಕೂಡ್ಲೆ ತುಂಬಿಸಿಬಿಡಿ.

ಹೊರವರ್ತುಲ
ಇದಕ್ಕೆ ಫೀಡರ್ ಬಸ್, ಅಂದ್ರೆ ಮನೆ ಕಡೆಯಿಂದ ಮೆಟ್ರೊಗೆ ಒಯ್ಯೋ ಬಸ್, ಸೇರಿಸಿ ನೋಡಿ, ನಾನು ಹೇಳ್ತಿರೋದು ಅಲ್ಲೇ ಸಿಗುತ್ತೆ. ಮನೆಯಿಂದ ಮೆಟ್ರೊ ನಿಲ್ದಾಣ 2 ಕಿಲೋಮೀಟರ್. ಬಸ್ ಬಂದ್ರೆ 6 ರೂಪಾಯಿ. ಬರದಿದ್ರೆ ಆಟೊ, 2025ರ ಆಗಸ್ಟ್ 1ರಿಂದ ಕನಿಷ್ಠ ದರ 36. ತಿಂಗಳಿಗೆ 44 ಸಲ: ಬಸ್ಸಲ್ಲಿ 264, ಆಟೋದಲ್ಲಿ 1,584. ವ್ಯತ್ಯಾಸ 1,320 ರೂಪಾಯಿ. ಒಂದು ತಿಂಗಳ ಬಿಎಂಟಿಸಿ ಪಾಸಿಗಿಂತ 120 ಜಾಸ್ತಿ! ಸಂಜೆ ಬಸ್ ಮಾತ್ರ ಕೈಕೊಡುತ್ತೆ ಅಂದ್ಕೊಂಡ್ರೂ 660.

5ರಿಂದ 6ಕ್ಕೆ ಏರಿದ್ದು ಒಂದು ರೂಪಾಯಿ. ಬಾರದ ಬಸ್ಸಿನ ಬೆಲೆ ಮೂವತ್ತು ರೂಪಾಯಿ. ಶಕ್ತಿ ಯೋಜನೆಯಲ್ಲಿ ಓಡಾಡೋ ಹೆಣ್ಣುಮಕ್ಕಳಿಗೆ ಇದು ಸೊನ್ನೆಯಿಂದ 36. ದರ ಏರಿಕೆ ಅವರನ್ನ ಮುಟ್ಟೇ ಇಲ್ಲ ಅನ್ನೋರು ಈ ಲೆಕ್ಕ ನೋಡ್ಬೇಕು.

ಹದಿನೈದು ನಿಮಿಷ
ಕಾಯೋ ಹೊತ್ತಿನ ಲೆಕ್ಕ ನಾನು ಮಾಡ್ತೀನಿ, ಇದನ್ನ ಬಹಳ ಜನ ತಪ್ಪು ಹಾಕ್ತಾರೆ. ಗಂಟೆಗೆ ನಾಲ್ಕು ಬಸ್, 15 ನಿಮಿಷಕ್ಕೊಂದು ಸರಿಯಾಗಿ ಬಂದ್ರೆ ಸರಾಸರಿ ಕಾಯೋದು ಏಳೂವರೆ ನಿಮಿಷ. ಈಗ ಒಂದು ಟ್ರಿಪ್ ಕಟ್. ಬಸ್ ಕಡಿಮೆಯಾದದ್ದು ನಾಲ್ಕರಲ್ಲಿ ಒಂದು, ಶೇ 25. ಕಾಯೋದೂ ಅಷ್ಟೇ ಹೆಚ್ಚಾಗುತ್ತೆ ಅಂದ್ಕೊಂಡ್ರೆ ತಪ್ಪು. ಉಳಿದ ಮೂರು ಬಸ್ಸು ಹಳೇ ಸಮಯಕ್ಕೇ ಬರ್ತವೆ, ಹಾಗಾಗಿ ಅಂತರ 15, 15, 30 ಆಗುತ್ತೆ. 30 ನಿಮಿಷದ ಆ ಅಂತರದಲ್ಲಿ ಗಂಟೆಯ ಅರ್ಧ ಜನ ಬಂದು ನಿಲ್ತಾರೆ. ಲೆಕ್ಕ ಹೀಗೆ: ಪ್ರತಿ ಅಂತರದ ವರ್ಗ ತಗೊಂಡು ಕೂಡಿಸಿ, 225 + 225 + 900 = 1,350. ಅದನ್ನ ಒಟ್ಟು ಅವಧಿಯ ಎರಡರಷ್ಟು, ಅಂದ್ರೆ 120ರಿಂದ ಭಾಗಿಸಿ. 11.25 ನಿಮಿಷ ಬರುತ್ತೆ. ಏಳೂವರೆಯಿಂದ ಹನ್ನೊಂದೂಕಾಲಿಗೆ, ಶೇ 50 ಏರಿಕೆ!

ದಿನಕ್ಕೆ ಎರಡು ಸಲ, 22 ದಿನ: ತಿಂಗಳಿಗೆ 165 ನಿಮಿಷ, ಎರಡೂಮುಕ್ಕಾಲು ಗಂಟೆ ಹೆಚ್ಚುವರಿ ನಿಲ್ಲೋದು. ಇದು ಸರಾಸರಿ. ಆ 30 ನಿಮಿಷದ ಅಂತರಕ್ಕೆ ಸಿಕ್ಕವರ ಪಾಡು ಬೇರೆಯೇ.

ಅದೇ ಮೂರು ಬಸ್ಸನ್ನ 20 ನಿಮಿಷಕ್ಕೊಂದರಂತೆ ಹೊಸದಾಗಿ ಜೋಡಿಸಿದ್ರೆ ಸರಾಸರಿ 10 ನಿಮಿಷ. ಹೆಚ್ಚಿನ ಖರ್ಚು ಒಂದು ಪೈಸೆ ಇಲ್ಲ. ಟ್ರಿಪ್ ಕಟ್ ಆಗೋದು ಅನಿವಾರ್ಯ ಆದ ದಿನ ಉಳಿದವುಗಳ ಸಮಯ ಸರಿಹೊಂದಿಸಿ ಅಂತ ಕೇಳೋದು ಅತ್ಯಂತ ಸಣ್ಣ ಬೇಡಿಕೆ, ಆದ್ರೆ ಅದನ್ನ ಯಾರೂ ಕೇಳಿದ್ದು ನೋಡಿಲ್ಲ.

ಕಿಟಕಿ ಪಕ್ಕ
ಇದಕ್ಕೆ ಇನ್ನೊಂದು ಕೊಂಡಿ ಸೇರಿಸಿ. ಅಂತರ 30 ಆದಾಗ ಮುಂದಿನ ಬಸ್ಸಿಗೆ ಎರಡರಷ್ಟು ಜನ. ಒಬ್ಬರು ಹತ್ತೋಕೆ ಮೂರು ಸೆಕೆಂಡ್ ಅಂತಿಟ್ಟುಕೊಳ್ಳಿ. ನಿಲ್ದಾಣಕ್ಕೆ ಐದು ಜನ ಹೆಚ್ಚು, 20 ನಿಲ್ದಾಣ: 300 ಸೆಕೆಂಡ್, ಐದು ನಿಮಿಷ ಹತ್ತೋದ್ರಲ್ಲೇ ಹೋಯ್ತು. ತುಂಬಿದ ಬಸ್ಸಲ್ಲಿ ಮೂರು ಸೆಕೆಂಡಿಗೆ ಯಾರೂ ಹತ್ತಲ್ಲ, ಮೆಟ್ಟಿಲ ಮೇಲೆ ನಿಂತವರು ಇಳಿದು ಜಾಗ ಬಿಟ್ಟು ಮತ್ತೆ ಹತ್ತಬೇಕು. ಆ ಬಸ್ಸು ತಡ ಆಗ್ತಾ ಹೋಗುತ್ತೆ, ಹಿಂದಿನ ಬಸ್ಸು ಖಾಲಿ ರಸ್ತೇಲಿ ಬಂದು ಅದನ್ನ ಹಿಡಿದುಬಿಡುತ್ತೆ. ಮುಂದಿನದ್ದು ಗಿಜಿಗಿಜಿ, ಹಿಂದಿನದ್ದು ಅರ್ಧ ಖಾಲಿ, ಒಟ್ಟಿಗೆ ಎರಡು. ನಿಲ್ದಾಣದಲ್ಲಿ ನಿಂತವರು "ಬಂದ್ರೆ ಎರಡೂ ಒಟ್ಟಿಗೆ ಬರ್ತವೆ" ಅಂತ ಚಾಲಕರಿಗೆ ಬೈತಾರೆ. ಚಾಲಕರ ಕೈಲಿ ಏನೂ ಇಲ್ಲ ಇದ್ರಲ್ಲಿ.

ಮುಂದಿನದ್ದು ತುಂಬಿದ್ದಾಗ ಎರಡು ನಿಮಿಷ ನಿಂತು ಹಿಂದಿನದ್ದನ್ನ ಹತ್ತಿ. ಅದು ನಿಮಗೂ ಒಳ್ಳೇದು, ಮುಂದಿನ ಬಸ್ಸಿಗೂ ಒಳ್ಳೇದು.

ಹಳೇ ಡಿಪೋ
ಟ್ರಿಪ್ ಯಾಕೆ ಬೀಳುತ್ತೆ ಅನ್ನೋದಕ್ಕೆ ಉತ್ತರ. ಯಾರೋ ಮೇಲೆ ಕೂತು "ಈ ಮಾರ್ಗ ಕಡಿಮೆ ಮಾಡಿ" ಅಂತ ಆದೇಶ ಕೊಡೋದು ಅಪರೂಪ. ಬಹಳ ಸಲ ರಸ್ತೆಯೇ ಕತ್ತರಿಸುತ್ತೆ. ಒಂದು ಷೆಡ್ಯೂಲ್, ಅಂದ್ರೆ ಒಂದು ಬಸ್ಸಿನ ದಿನದ ಓಟದ ಪಟ್ಟಿ, ತಗೊಂಡು ನೋಡಿ.

ಒಂದು ಕಡೆಯ ಓಟ 75 ನಿಮಿಷ ಅಂತ ಸಮಯಪಟ್ಟಿ ಹಾಕಿದ್ದಾರೆ. ಒಂದು ಪಾಳಿಗೆ ಆರು ಸಿಂಗಲ್ ಟ್ರಿಪ್: 450 ನಿಮಿಷ, ಏಳೂವರೆ ಗಂಟೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆ ಆದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ, ಶುರುವಿನಿಂದ ಮುಗಿಯೋವರೆಗಿನ ಒಟ್ಟು ಹರವು 12 ಗಂಟೆ ಮೀರಬಾರದು ಅಂತಿತ್ತು. ಏಳೂವರೆ ಗಂಟೆ ಅದ್ರೊಳಗೆ ಕೂರುತ್ತೆ. ಈಗ ಅದೇ ಓಟ 95 ನಿಮಿಷ ಆಗಿದೆ. ಆರು ಟ್ರಿಪ್ ಅಂದ್ರೆ 570 ನಿಮಿಷ, ಒಂಬತ್ತೂವರೆ ಗಂಟೆ. ಆಗಲ್ಲ. ಐದು ಟ್ರಿಪ್ ಅಂದ್ರೆ 475 ನಿಮಿಷ, ಏಳು ಗಂಟೆ ಐವತ್ತೈದು. ಆರನೆಯದ್ದು ಬಿತ್ತು. ಎರಡು ಪಾಳಿಗೆ ಎರಡು, ಮಾರ್ಗದಲ್ಲಿ 10 ಬಸ್ ಇದ್ರೆ ದಿನಕ್ಕೆ 20 ಸಿಂಗಲ್ ಟ್ರಿಪ್ ಹೋಯ್ತು. ಒಂದು ಬಸ್ಸೂ ಕಡಿಮೆ ಆಗಿಲ್ಲ, ಒಬ್ಬ ಚಾಲಕರೂ ಕಡಿಮೆ ಆಗಿಲ್ಲ, ಡೀಸೆಲ್ ಮಾತ್ರ ದಟ್ಟಣೆಯಲ್ಲಿ ನಿಂತು ಉರಿಯುತ್ತೆ.

ಬೀಳೋದು ಯಾವ ಟ್ರಿಪ್? ಪಾಳಿಯ ಕೊನೇದು. ಮೊದಲ ಪಾಳಿಯ ಕೊನೆ ಅಂದ್ರೆ ಮಧ್ಯಾಹ್ನ 1ರಿಂದ 2. ಎರಡನೇ ಪಾಳಿಯ ಕೊನೆ ಅಂದ್ರೆ ರಾತ್ರಿ 9ರ ನಂತರ. ಅದಕ್ಕೇ ಆ ಎರಡು ಹೊತ್ತಲ್ಲಿ ಬಸ್ ಸಿಗಲ್ಲ.

ಬಸ್ಸಿನ ಅಂತರವನ್ನೂ ಇದೇ ರೀತಿ ಲೆಕ್ಕ ಹಾಕ್ಬಹುದು. ಹೋಗಿ ಬರೋಕೆ 75 ಮತ್ತು 75, ಎರಡೂ ಕೊನೇಲಿ ಐದೈದು ನಿಮಿಷ ನಿಲುಗಡೆ, ಒಟ್ಟು ಸುತ್ತು 160 ನಿಮಿಷ. 10 ಬಸ್ಸಿಗೆ 16 ನಿಮಿಷಕ್ಕೊಂದು. ಓಟ 95 ಆದ್ರೆ ಸುತ್ತು 200, ಅದೇ 10 ಬಸ್ಸಿಗೆ 20 ನಿಮಿಷಕ್ಕೊಂದು. ಮತ್ತೆ 16ಕ್ಕೆ ತರಬೇಕಾದ್ರೆ 13 ಬಸ್ ಬೇಕು. ಮೂರು ಹೊಸ ಬಸ್ ಬಂದ್ರೂ ಪ್ರಯಾಣಿಕರಿಗೆ ಏನೂ ಹೊಸದು ಸಿಗಲ್ಲ, ಮೊದಲಿದ್ದದ್ದೇ ವಾಪಸ್ ಸಿಗುತ್ತೆ. "ಇಷ್ಟು ಸಾವಿರ ಹೊಸ ಬಸ್" ಅಂತ ಸುದ್ದಿ ಬಂದಾಗ ಇದು ನೆನಪಿರಲಿ.

ನೇರಳೆ-ಹಸಿರು
ಈ ಸುತ್ತಿನ ಲೆಕ್ಕ ಮೆಟ್ರೊಗೂ ಹಾಗೇ ಕೂರುತ್ತೆ. ಹಳದಿ ಮಾರ್ಗ 2025ರ ಆಗಸ್ಟ್ 11ರಂದು ಜನಕ್ಕೆ ತೆರೆದಾಗ ರೈಲು ಇದ್ದದ್ದು ಮೂರು, ಅಂತರ 25 ನಿಮಿಷ. ಮೂರು ಗುಣಿಸು 25, ಸುತ್ತು 75 ನಿಮಿಷ. ನಾಲ್ಕನೇ ರೈಲು ಬಂದಾಗ 19 ನಿಮಿಷ, ಐದನೇದು ಬಂದಾಗ 15. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್. ಟಿಕೆಟ್ ದರ ಮಾತ್ರ ನೇರಳೆ ಮಾರ್ಗದ ಪಟ್ಟಿಯದ್ದೇ. ರೈಲು ಎಷ್ಟೇ ವಿರಳ ಇರಲಿ, ಕಿಲೋಮೀಟರಿಗೆ ಬೆಲೆ ಒಂದೇ. ದರಕ್ಕೂ ಸೇವೆಗೂ ಸಂಬಂಧವೇ ಇಟ್ಟಿಲ್ಲ ಅನ್ನೋದು ನನ್ನ ಮುಖ್ಯ ಆಕ್ಷೇಪ.

ಕಿಟಕಿ ಪಕ್ಕ
@ಹಳೇ ಡಿಪೋ, ಹಾಗಾದ್ರೆ ಓಟದ ಸಮಯ ಕಡಿಮೆ ಮಾಡೋದೇ ಮದ್ದು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಬಸ್ ಪಥ ಮಾಡಿದ್ರು, ಕಂಬ ನೆಟ್ಟಿದ್ರು. ಆಮೇಲೆ ಮೆಟ್ರೊ ನೀಲಿ ಮಾರ್ಗದ ಕಾಮಗಾರಿಗೆ ಅದು ಹೋಯ್ತು. ನಿಮ್ಮ ಅಂಕಿಯಲ್ಲೇ ಹೇಳೋದಾದ್ರೆ, ಬಸ್ ಪಥದಿಂದ 95 ನಿಮಿಷ 85ಕ್ಕೆ ಇಳಿದ್ರೂ ಸುತ್ತು 180, ಅದೇ 10 ಬಸ್ಸಲ್ಲಿ 18 ನಿಮಿಷಕ್ಕೊಂದು. ಬಸ್ ಕೊಳ್ಳದೇ ಬಸ್ ಹೆಚ್ಚಿಸಿದ ಹಾಗೆ.

ಹಳೇ ಡಿಪೋ
ಹೌದು. ಮತ್ತೆ ಇಡೀ ಮಾರ್ಗಕ್ಕೆ ಬೇಡ, ಸಿಗ್ನಲ್ ಮುಂದಿನ 150 ಮೀಟರು ಮತ್ತು ಮೇಲ್ಸೇತುವೆ ಇಳಿಯೋ ಜಾಗ ಬಿಡಿಸಿಕೊಟ್ರೆ ಅರ್ಧ ಲಾಭ ಅಲ್ಲೇ ಬರುತ್ತೆ. ಇನ್ನೊಂದು ಉಪಾಯ ಅರ್ಧ ಮಾರ್ಗದ ಟ್ರಿಪ್. ಜನ ಹೆಚ್ಚಿರೋ ತುಂಡಲ್ಲೇ ಬಸ್ ತಿರುಗಿಸೋದು. ಆದ್ರೆ ಅದಕ್ಕೆ ತಿರುಗಿಸೋ ಜಾಗ ಬೇಕು, ಬೋರ್ಡಲ್ಲಿ ಎಲ್ಲಿವರೆಗೆ ಅಂತ ಸ್ಪಷ್ಟವಾಗಿರಬೇಕು, ಇಲ್ಲದಿದ್ರೆ ಕೊನೆಯ ಬಡಾವಣೆಯವರು ತಪ್ಪು ಬಸ್ ಹತ್ತಿ ನಡುದಾರೀಲಿ ಇಳೀತಾರೆ.

ಎಲೆಕ್ಟ್ರಿಕ್ ಬಸ್ಸಿನ ಕಥೆ ಸ್ವಲ್ಪ ಬೇರೆ. ಗುತ್ತಿಗೆ ಪದ್ಧತಿಯಲ್ಲಿ ಬಸ್ಸು ಮತ್ತು ಚಾಲಕರು ಗುತ್ತಿಗೆದಾರರ ಕಡೆಯವರು, ನಿರ್ವಾಹಕರು ನಿಗಮದವರು, ಹಣ ಕಿಲೋಮೀಟರ್ ಲೆಕ್ಕದಲ್ಲಿ. ಬಸ್ ಹೊರಡಬೇಕಾದ್ರೆ ಇಬ್ಬರ ಕಡೆಯವರೂ ಅದೇ ನಿಮಿಷಕ್ಕೆ ಇರಬೇಕು. ಒಬ್ಬರು ಇಲ್ಲ ಅಂದ್ರೂ ಟ್ರಿಪ್ ಹೋಯ್ತು. ಜೊತೆಗೆ ಚಾರ್ಜಿಂಗ್. ಮಧ್ಯಾಹ್ನ ಚಾರ್ಜಿಂಗಿಗೆ ಡಿಪೋಗೆ ಹೋಗಿ ಬರೋದು ಡೆಡ್ ಕಿಲೋಮೀಟರ್, ಅಂದ್ರೆ ಪ್ರಯಾಣಿಕರಿಲ್ಲದ ಖಾಲಿ ಓಟ, ಚಾರ್ಜರ್ ಖಾಲಿ ಇಲ್ಲದಿದ್ರೆ ಸಂಜೆಯ ಮೊದಲ ಟ್ರಿಪ್ ತಡ. ಟ್ರಿಪ್ ತಪ್ಪಿಸಿದ್ದಕ್ಕೆ ಗುತ್ತಿಗೆದಾರರಿಗೆ ದಂಡ ಬೀಳಬಹುದು, ಆದ್ರೆ ನಿಲ್ದಾಣದಲ್ಲಿ ನಿಂತವರ ಕೈಗೆ ಅದ್ರಿಂದ ಬಸ್ ಬರಲ್ಲ.

ಮೂರನೇ ಸ್ಟೇಜ್
ದರ ಏರಿಸಿದ್ದೇ ಶಕ್ತಿ ಯೋಜನೆಯಿಂದ ಅನ್ನೋ ಮಾತು ಈಗ ಬರುತ್ತೆ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ಬಿಎಂಟಿಸಿ ದರ ಹತ್ತು ವರ್ಷ ಮುಟ್ಟಿರಲಿಲ್ಲ. ಸಂಪುಟ ಕೊಟ್ಟ ವಿವರಣೆ ಪ್ರಕಾರ ನಾಲ್ಕೂ ಸಾರಿಗೆ ನಿಗಮಗಳ ದಿನದ ಡೀಸೆಲ್ ವೆಚ್ಚ 2015ರಲ್ಲಿ 9.16 ಕೋಟಿ ಇದ್ದದ್ದು 13.21 ಕೋಟಿ ಆಗಿತ್ತು. ಸಿಬ್ಬಂದಿಯ 38 ತಿಂಗಳ ವೇತನ ಹಿಂಬಾಕಿ ವಿಷಯಕ್ಕೆ 2025ರ ಆಗಸ್ಟಲ್ಲಿ ಮುಷ್ಕರವೇ ಆಯ್ತು. ಶಕ್ತಿ ಶುರುವಾದದ್ದು 2023ರ ಜೂನ್ 11ರಂದು. ಹಳೇ ಕೊರತೆಯನ್ನೆಲ್ಲ ಅದರ ತಲೆಗೆ ಕಟ್ಟೋದು ನ್ಯಾಯ ಅಲ್ಲ.

ಝೀರೋ ಟಿಕೆಟ್
ಶಕ್ತಿ ವಿಷಯ ಬಂದದ್ದಕ್ಕೆ ಒಂದು ಮುಖ್ಯ ಮಾತು, ಹೆಣ್ಣುಮಕ್ಕಳೆಲ್ಲ ದಯವಿಟ್ಟು ಗಮನಿಸಿ. ಶೂನ್ಯ ಟಿಕೆಟ್ ತಗೊಳ್ಳದೆ ಇಳೀಬೇಡಿ. "ದುಡ್ಡೇ ಇಲ್ಲ, ಟಿಕೆಟ್ ಯಾಕೆ" ಅಂತ ತುಂಬ ಜನ ಬಿಟ್ಟುಬಿಡ್ತಾರೆ, ಬಸ್ ತುಂಬಿದ್ದಾಗ ನಿರ್ವಾಹಕರೂ ಹಿಂದಿನವರೆಗೆ ಬರೋಕಾಗಲ್ಲ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡೋದು ಕೊಟ್ಟ ಟಿಕೆಟ್ ಲೆಕ್ಕದ ಮೇಲೆ. ಟಿಕೆಟ್ ಇಲ್ಲ ಅಂದ್ರೆ ಆ ಮಾರ್ಗದ ಕಿಲೋಮೀಟರ್ ಗಳಿಕೆ ಕಡಿಮೆ ಕಾಣುತ್ತೆ. ನಾಳೆ ಯಾವ ಟ್ರಿಪ್ ತೆಗೀಬೇಕು ಅಂತ ಕೂತು ನೋಡುವಾಗ ಎದುರಿಗಿರೋದು ಅದೇ ಕಾಗದ. ತುಂಬಿ ತುಳುಕೋ ಬಸ್ಸು ಕಾಗದದ ಮೇಲೆ ಖಾಲಿ ಬಸ್ಸಾಗಿರುತ್ತೆ!

ಸ್ಟೇಜ್ ಕೂಡ ಸರಿ ಹೇಳಿ. ಮೂರನೇ ನಿಲ್ದಾಣದಲ್ಲಿ ಇಳಿಯೋರಿಗೆ ಕೊನೇ ನಿಲ್ದಾಣದ ಟಿಕೆಟ್ ಬೇಡ. ಎಲ್ಲಿ ಹತ್ತಿದ್ರು, ಎಲ್ಲಿ ಇಳಿದ್ರು ಅನ್ನೋ ಮಾಹಿತಿ ಇರೋದು ಆ ಮಷೀನಲ್ಲಿ ಮಾತ್ರ. ಮತ್ತೆ ವಜ್ರ, ವಾಯುವಜ್ರಕ್ಕೆ ಶಕ್ತಿ ಅನ್ವಯಿಸಲ್ಲ. ಮಾರ್ಗದಲ್ಲಿ ಸಾಮಾನ್ಯ ಬಸ್ ತೆಗೆದು ಎಸಿ ಬಸ್ ಹಾಕಿದ್ರೆ ಬಸ್ಸಿನ ಸಂಖ್ಯೆ ಅಷ್ಟೇ ಇರುತ್ತೆ, ಹೆಣ್ಣುಮಕ್ಕಳ ಪಾಲಿಗೆ ಅದು ಪೂರಾ ಕಡಿತ. ಎಣಿಸುವಾಗ ಎರಡನ್ನೂ ಬೇರೆ ಬೇರೆ ಎಣಿಸಿ.

ಹೊರವರ್ತುಲ
ಸರಿ, ಎಣಿಸೋ ವಿಷಯಕ್ಕೇ ಬರೋಣ. ಕನಿಷ್ಠ ಎಷ್ಟು ದಿನ, ಏನೇನು ಬರ್ಕೊಳ್ಬೇಕು?

ಹದಿನೈದು ನಿಮಿಷ
ಮಂಗಳವಾರ, ಬುಧವಾರ, ಗುರುವಾರ, ಹೀಗೆ ಎರಡು ವಾರ. ಆರು ದಿನ ಸಾಕು. ಸೋಮವಾರ, ಶುಕ್ರವಾರ ಊರಿಗೆ ಹೋಗಿ ಬರೋ ದಟ್ಟಣೆ ಇರುತ್ತೆ, ಆ ದಿನದ ಅಂಕಿ ಇಟ್ರೆ "ಅದು ವಿಶೇಷ ದಿನ" ಅಂತ ತಳ್ಳಿಹಾಕ್ತಾರೆ. ಹಬ್ಬದ ವಾರ, ಪರೀಕ್ಷೆ ವಾರ, ಜೋರು ಮಳೆ ಬಂದ ದಿನವೂ ಬೇಡ. ಬೆಳಿಗ್ಗೆ 7ರಿಂದ 10:30, ಆಗೋದಾದ್ರೆ ರಾತ್ರಿ 8ರಿಂದ 10.

ಜಾಗದ ಆಯ್ಕೆ ಮುಖ್ಯ. ಟ್ರಿಪ್ ಹೊರಟಿತೋ ಇಲ್ಲವೋ ಅನ್ನೋದು ಗೊತ್ತಾಗಬೇಕಾದ್ರೆ ಮಾರ್ಗದ ಮೊದಲ ನಿಲ್ದಾಣದಲ್ಲಿ ನಿಲ್ಲಿ. ಜನರಿಗೆ ಆಗ್ತಿರೋ ತೊಂದರೆ ತೋರಿಸಬೇಕಾದ್ರೆ ಅತಿ ಹೆಚ್ಚು ತುಂಬೋ ನಿಲ್ದಾಣದಲ್ಲಿ. ಇಬ್ಬರಿದ್ರೆ ಎರಡೂ ಕಡೆ. ಪ್ರತಿ ಬಸ್ಸಿಗೆ ಒಂದು ಸಾಲು: ನಿಮಿಷ ಸಮೇತ ಸಮಯ, ಮಾರ್ಗ ಸಂಖ್ಯೆ, ಬೋರ್ಡಲ್ಲಿರೋ ಕೊನೇ ನಿಲ್ದಾಣ, ನೋಂದಣಿ ಸಂಖ್ಯೆಯ ಕೊನೇ ನಾಲ್ಕು ಅಂಕಿ, ಸಾಮಾನ್ಯವೋ ಎಸಿಯೋ, ನಿಲ್ಲಿಸಿತೋ ಇಲ್ಲವೋ, ಎಷ್ಟು ಜನ ಹತ್ತಲಾಗದೆ ಉಳಿದ್ರು. ತುಂಬಿದ ಮಟ್ಟಕ್ಕೆ ಅಂಕಿ ಸಾಕು: 1 ಸೀಟು ಖಾಲಿ, 2 ಸೀಟೆಲ್ಲ ಭರ್ತಿ, 3 ನಿಂತಿದ್ದಾರೆ, 4 ಮೆಟ್ಟಿಲವರೆಗೆ.

ನೋಂದಣಿ ಸಂಖ್ಯೆ ಬಿಡಬೇಡಿ. ಅದೇ ಬಸ್ಸು ತಿರುಗಿ ಬಂದ ಹೊತ್ತು ಸಿಕ್ಕಿದ್ರೆ ಸುತ್ತಿನ ಸಮಯ ಸಿಗುತ್ತೆ, ಹಳೇ ಡಿಪೋ ಹೇಳಿದ 160ರಿಂದ 200ರ ಲೆಕ್ಕ ನಿಮ್ಮ ಮಾರ್ಗಕ್ಕೇ ಹಾಕ್ಬಹುದು. "ಡಿಪೋ" ಬೋರ್ಡ್ ಹಾಕಿಕೊಂಡು ಹೋದ ಬಸ್ಸನ್ನ ಟ್ರಿಪ್ ಲೆಕ್ಕಕ್ಕೆ ಸೇರಿಸಬೇಡಿ, ಆದ್ರೆ ಪಕ್ಕದಲ್ಲಿ ಬರ್ಕೊಳ್ಳಿ.

ನಮ್ಮ ಬಿಎಂಟಿಸಿ ಆ್ಯಪನ್ನ ಮಾತ್ರ ನಂಬಿ ಎಣಿಸಬೇಡಿ. ಬಸ್ಸಿನ ಜಾಡು ತೋರಿಸೋ ಸಾಧನ ಆ ಮಾರ್ಗಕ್ಕೆ ಜೋಡಣೆ ಆಗಿರದಿದ್ರೆ ರಸ್ತೇಲಿ ಇರೋ ಬಸ್ಸೂ ಆ್ಯಪಲ್ಲಿ ಕಾಣಲ್ಲ. ಆ್ಯಪಲ್ಲಿ ಇಲ್ಲ ಅಂತ ದೂರು ಕೊಟ್ಟು, ಅವರು ಲಾಗ್‌ಷೀಟ್ ತೆಗೆದು ಬಸ್ ಓಡಿದ್ದು ತೋರಿಸಿದ್ರೆ ನಿಮ್ಮ ಉಳಿದ ಅಂಕಿಗೂ ಬೆಲೆ ಇರಲ್ಲ.

ಮಾಹಿತಿ ಹಕ್ಕು 10
ನೀವು ಎಣಿಸಿದ್ದು ಅರ್ಧ ಸಾಕ್ಷ್ಯ. ನಿಗದಿಯಾದ ಟ್ರಿಪ್ ಎಷ್ಟು ಎಂಬುದು ಅವರ ದಾಖಲೆಯಿಂದಲೇ ಬರಬೇಕು. ಅದಕ್ಕೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ, ರಾಜ್ಯದ ಆನ್‌ಲೈನ್ ಪೋರ್ಟಲ್ ಕೂಡ ಇದೆ. ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡು ಇವೆ: ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಅರ್ಜಿ ಇಲ್ಲೇ ತಿರಸ್ಕಾರವಾಗಬಹುದು. ಟ್ರಿಪ್ ಕಡಿತ, ದರ, ತಂಗುದಾಣದ ಚಾವಣಿ ಮೂರನ್ನೂ ಒಂದರಲ್ಲೇ ಕೇಳಿದರೆ ಮುಗಿಯಿತು. ಎರಡನೆಯ ತಪ್ಪು "ಯಾಕೆ" ಎಂದು ಕೇಳುವುದು. ದಾಖಲೆಯಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಹೊಣೆ, ವಿವರಣೆ ಕೊಡುವುದಲ್ಲ. ಆದ್ದರಿಂದ ಕಾರಣವನ್ನೂ ದಾಖಲೆಯ ರೂಪದಲ್ಲೇ ಕೇಳಬೇಕು. ಕರಡು ಹೀಗಿರಲಿ:

"ವಿಷಯ: ಮಾರ್ಗ ಸಂಖ್ಯೆ ____ರ ನಿಗದಿತ ಹಾಗೂ ನಡೆಸಿದ ಟ್ರಿಪ್‌ಗಳು. ____ ತಿಂಗಳ 1ರಿಂದ 30ನೇ ತಾರೀಖಿನವರೆಗೆ: ಒಂದು, ಈ ಮಾರ್ಗದಲ್ಲಿ ಜಾರಿಯಲ್ಲಿರುವ ಷೆಡ್ಯೂಲ್‌ಗಳ ಸಂಖ್ಯೆ ಮತ್ತು ಅವುಗಳ ಸಮಯಪಟ್ಟಿಯ ದೃಢೀಕೃತ ನಕಲು. ಎರಡು, ದಿನವಾರು ನಿಗದಿತ ಟ್ರಿಪ್ ಮತ್ತು ನಡೆಸಿದ ಟ್ರಿಪ್‌ಗಳ ಸಂಖ್ಯೆ. ಮೂರು, ರದ್ದಾದ ಟ್ರಿಪ್‌ಗಳ ಸಂಖ್ಯೆ, ದಾಖಲೆಯಲ್ಲಿ ನಮೂದಿಸಿರುವ ಕಾರಣವಾರು: ಸಿಬ್ಬಂದಿ ಕೊರತೆ, ವಾಹನ ಕೊರತೆ, ಕೆಟ್ಟು ನಿಂತದ್ದು, ಸಂಚಾರ ದಟ್ಟಣೆ."

ಇಷ್ಟೇ ಸಾಕು. ನೀವು ಎಣಿಸಿದ ಆರು ದಿನ ಆ ತಿಂಗಳೊಳಗೇ ಇರುವಂತೆ ನೋಡಿಕೊಳ್ಳಿ. ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಅದಕ್ಕೆ ತೂಕ.

ಕಿಟಕಿ ಪಕ್ಕ
ಅರ್ಜಿಗೆ ಒಂದು ತಿಂಗಳು ಹೋಗುತ್ತೆ. ಅಲ್ಲಿವರೆಗೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಕೊಡಬಹುದು, ದೂರಿನ ಸಂಖ್ಯೆ ಬರ್ದಿಟ್ಕೊಳ್ಳಿ. "ಬಸ್ ಸರಿಯಾಗಿ ಬರಲ್ಲ" ಅಂದ್ರೆ ಅದು ಎಲ್ಲಿಗೂ ಹೋಗಲ್ಲ. ಮಾರ್ಗ, ನಿಲ್ದಾಣ, ಯಾವ ಕಡೆಗೆ, ತಾರೀಖು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬಸ್ ಇರ್ಲಿಲ್ಲ, ಇವಿಷ್ಟಿದ್ರೆ ಅದು ಡಿಪೋವರೆಗೆ ತಲುಪುತ್ತೆ.

ನೇರಳೆ-ಹಸಿರು
ದರದ ಬಗ್ಗೆ ಎಲ್ಲಿ ಮಾತಾಡ್ಬೇಕು ಅನ್ನೋದೂ ಬೇರೆ ಬೇರೆ. ಬಸ್ ದರ ರಾಜ್ಯ ಸರ್ಕಾರದ ತೀರ್ಮಾನ, ಶಾಸಕರನ್ನ ಕೇಳ್ಬಹುದು. ಮೆಟ್ರೊದ್ದು ಹಾಗಲ್ಲ. 2002ರ ಮೆಟ್ರೊ ರೈಲ್ವೆ ಕಾಯ್ದೆಯ 34ನೇ ವಿಧಿ ಪ್ರಕಾರ ಕೇಂದ್ರ ಸರ್ಕಾರ ದರ ನಿಗದಿ ಸಮಿತಿ ಮಾಡುತ್ತೆ. ಅಧ್ಯಕ್ಷರು ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ, ಜೊತೆಗೆ ಕೇಂದ್ರ ಮತ್ತು ರಾಜ್ಯದ ಒಬ್ಬೊಬ್ಬರು. 37ನೇ ವಿಧಿ ಪ್ರಕಾರ ಅವರ ಶಿಫಾರಸಿಗೆ ಮೆಟ್ರೊ ಆಡಳಿತ ಬದ್ಧ. ಕಳೆದ ಸಲ ಸಮಿತಿ ಆದದ್ದು 2024ರ ಸೆಪ್ಟೆಂಬರ್, ವರದಿ ಬಂದದ್ದು ಡಿಸೆಂಬರ್, ಜನ ಬೀದಿಗೆ ಬಂದದ್ದು ಫೆಬ್ರವರಿ. ಮಾತಾಡಬೇಕಾದ ಮೂರು ತಿಂಗಳು ಸುಮ್ಮನೆ ಕಳೆದುಹೋಗಿತ್ತು. ಸಮಿತಿ ಸಾರ್ವಜನಿಕರ ಅಭಿಪ್ರಾಯ ಕರೆಯೋ ದಿನ ಈ ಫೀಡರ್ ಲೆಕ್ಕ, ಕಾಯೋ ಲೆಕ್ಕ ಅವರ ಮೇಜಿನ ಮೇಲಿರಬೇಕು.

ಮೂರನೇ ಸ್ಟೇಜ್
ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸೋದೇ ವಾಸಿ ಅಂತ ನನ್ನ ಅಭಿಪ್ರಾಯ. ಬಸ್ಸಿನದ್ದು ಹತ್ತು ವರ್ಷ, ಮೆಟ್ರೊದ್ದು 2017ರಿಂದ ಏಳೂವರೆ ವರ್ಷ ಮುಟ್ಟದೆ ಇಟ್ಟು ಒಂದೇ ಸಲ ಹೇರಿದ್ರು.

ಹೊರವರ್ತುಲ
ಒಪ್ತೀನಿ, ಒಂದು ಷರತ್ತಿನ ಮೇಲೆ. ಪ್ರತಿ ಏರಿಕೆಯ ಆದೇಶದ ಜೊತೆಗೆ ಮಾರ್ಗವಾರು ನಿಗದಿತ ಟ್ರಿಪ್ ಮತ್ತು ನಡೆಸಿದ ಟ್ರಿಪ್ ಪ್ರಕಟಿಸಬೇಕು. 2022ರ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಬಸ್ಸು-ಮೆಟ್ರೊ ಎಲ್ಲ ಒಟ್ಟಿಗೆ ನೋಡೋಕೆ ಅಂತಲೇ ಬಂದದ್ದು, ಈ ಪಟ್ಟಿ ಅಲ್ಲಿಂದಲೇ ಬರಬಹುದು. ಟ್ರಿಪ್ ಶೇ 95ಕ್ಕಿಂತ ಕಡಿಮೆ ಓಡಿದ ಮಾರ್ಗಕ್ಕೆ ದರ ಏರಿಕೆ ಇಲ್ಲ, ಅಷ್ಟೆ.

ಹಳೇ ಡಿಪೋ
ಹಾಗೆ ಮಾಡಿದ್ರೆ ಸಮಯಪಟ್ಟಿಯಲ್ಲೇ ಟ್ರಿಪ್ ಕಡಿಮೆ ತೋರಿಸಿಬಿಡ್ತಾರೆ, ಶೇ 100 ಓಡಿದ ಹಾಗೆ ಕಾಣುತ್ತೆ. ಅದಕ್ಕೇ ಹಳೇ ಸಮಯಪಟ್ಟಿ ಕೈಲಿರಬೇಕು. ಅರ್ಜಿಯಲ್ಲಿ ಈಗಿನ ಷೆಡ್ಯೂಲ್ ಜೊತೆ ಎರಡು ವರ್ಷ ಹಿಂದಿನ ಅದೇ ತಿಂಗಳ ಷೆಡ್ಯೂಲಿನ ನಕಲನ್ನೂ ಕೇಳಿ.

ಮಾಹಿತಿ ಹಕ್ಕು 10
ಸರಿಯಾದ ತಿದ್ದುಪಡಿ. ಮೊದಲನೇ ಅಂಶದ ಕೊನೆಗೆ "ಹಾಗೂ ಎರಡು ವರ್ಷ ಹಿಂದಿನ ಇದೇ ತಿಂಗಳಲ್ಲಿ ಜಾರಿಯಲ್ಲಿದ್ದ ಸಮಯಪಟ್ಟಿಯ ದೃಢೀಕೃತ ನಕಲು" ಎಂದು ಸೇರಿಸಿಕೊಳ್ಳಿ. ವಿಷಯ ಒಂದೇ ಉಳಿಯುತ್ತದೆ, ಪದಗಳೂ 150ರೊಳಗೇ ಇರುತ್ತವೆ.